ಹಳ್ಳ ಒಳಗೈತಿ

ಲಿಂಗಸುಗೂರಿನ ನನ್ನ ಮನೆ ಮುಂದೆ ಕಟ್ಟಡದ ಕೆಲಸಕ್ಕೆ ಹಾಕಿಸಿದ ಉಸುಕಿನ ರಾಶಿಗೆ ಬೆಳಿಗ್ಗೆ ಕೈ ಹಾಕಿದೆ. ಮೇಲೆ ಬಿಸಿ, ಒಳಗೆ ತಂಪು. ಆ ಹಸಿ ವಾಸನೆಗೆ ಸಂತೆಕಲ್ಲೂರಿನ ನಮ್ಮ ಹಳ್ಳ ನೆನಪಾಯಿತು.

ಒಂದು ಬೇಸಿಗೆ, ಕಾಲುವೆ ನೀರಿನ ಊರಾದ ವಳಕಮದಿನ್ನಿಯಿಂದ ಚಿಕ್ಕಮ್ಮನ ಮಗಳು ಶಾಂತಾ ಬಂದಿದ್ದಳು. ಹಳ್ಳ ತೋರಿಸಲು ಕುಣಿಯುತ್ತ ಕರೆದೊಯ್ದೆ. ಆಕೆ ನಕ್ಕಳು.

"ಇದೇನ್ ಹಳ್ಳ ಬೇ, ಬರೇ ಉಸುಕು ಐತಿ."

ನನಗೆ ಅಳುವೇ ಬಂತು.

ಕೊಡ ಹಿಡಿದು ಹಿಂದೆ ಬರುತ್ತಿದ್ದ ಅಜ್ಜಿ ಎಂದೂ ಹಳ್ಳ ಬತ್ತಿದೆ ಎಂದವಳಲ್ಲ. "ಒಳಗೈತಿ, ತಡಿ, ಕರೀತೀನಿ" ಎಂದಳು, ಮನೆಯೊಳಗಿರುವ ಸೊಸೆಯ ಬಗ್ಗೆ ಹೇಳುವಂತೆ. ಜೇಕು ಹುಲ್ಲು ಹಸಿರಾಗಿದ್ದಲ್ಲಿ ಕುಳಿತು, ತೆಂಗಿನ ಚಿಪ್ಪಿನಿಂದ ಮೊಣಕೈ ಆಳದ ಕುಳಿ ತೋಡಿದಳು. ನಮ್ಮಲ್ಲಿ ಅದಕ್ಕೆ ವರತಿ ಎನ್ನುತ್ತಾರೆ. ಮೊದಲು ಕೆಂಪು ರಾಡಿ ಒಸರಿತು. ಎರಡು ಸಲ ಎತ್ತಿ ಚೆಲ್ಲಿದಳು. ಮೂರನೆಯ ಸಲ ತಳದ ಹರಳುಗಳು ಕಂಡವು. ಮೊದಲ ಚಿಪ್ಪು ನೀರನ್ನು ಶಾಂತಾಗೇ ಕೊಟ್ಟಳು. ಕುಡಿದವಳು ಇನ್ನೊಂದು ಚಿಪ್ಪಿಗೆ ಕೈ ಚಾಚಿದಳು.

ಈಗಲೂ ಬೇಸಿಗೆಯಲ್ಲಿ ಫೋನ್ ಮಾಡಿದರೆ ಶಾಂತಾ ಮೊದಲು ಕೇಳುವುದು, "ಹಳ್ಳ ಒಳಗೈತೇನು?"

ನಿನ್ನೆ ಊರ ಕಡೆ ಮಳೆಯಾಗಿ ಹಳ್ಳ ಹರಿಯುತ್ತಿದೆಯಂತೆ. ಕೈಗೆ ಹತ್ತಿದ ಉಸುಕು ಒರೆಸಿಕೊಂಡು ಈ ಸಲ ನಾನೇ ಫೋನ್ ಮಾಡಿದೆ.

"ಹೊರಗ ಬಂದೈತಿ, ಬಾ."