ಮುಚ್ಚಿಸಿದ ಮಗ್ಗದ ಗುಂಡಿ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ನಡುಮನೆಯ ನೆಲವನ್ನು ನಾನೇ ಹಾರೆ ಹಿಡಿದು ಒಡೆದೆ.

ಮೂವತ್ತೊಂದು ವರ್ಷ ಮೈಸೂರಿನ ಸರ್ಕಾರಿ ಆಫೀಸಿನಲ್ಲಿ ಫೈಲಿಗಿಂತ ಭಾರವಾದದ್ದನ್ನು ಎತ್ತದ ಕೈ ಇದು. ಅರ್ಧ ಗಂಟೆಯೊಳಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಸದ್ದು ಕೇಳಿ ಪಕ್ಕದ ಮನೆಯ ಮಾರಣ್ಣ ಇಣುಕಿದ. "ಏನ್ ಸಾರ್, ಪುದೈಯಲ್ ಹುಡುಕ್ತಿದ್ದೀರಾ?" ಎಂದ. (ಪುದೈಯಲ್ ಎಂದರೆ ತಮಿಳಿನಲ್ಲಿ ನಿಧಿ.)

ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ನಾನೇ ಎದುರು ನಿಂತು ಮುಚ್ಚಿಸಿದ ಗುಂಡಿಯನ್ನು ಈಗ ನಾನೇ ಅಗೆಯುತ್ತಿದ್ದೆ.

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ಗೊತ್ತು, ನನ್ನೂರು ಕೊಯಮತ್ತೂರು ಜಿಲ್ಲೆಯ ನೆಗಮಂ. ನಾವು ತಲೆಮಾರುಗಳಿಂದ ಇಲ್ಲಿ ಸೀರೆ ನೇಯುವ ಕನ್ನಡದವರು. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಬರುವುದು. ಅದೂ ಮೈಸೂರಿಗೆ ಹೋದ ಮೇಲೆ ಕಲಿತದ್ದು.

ನಾನು ಮೈಸೂರಿನಲ್ಲಿದ್ದಷ್ಟು ಕಾಲ ಹೆಂಡತಿ ಸೌಡಮ್ಮ ಊರಿನಲ್ಲೇ ಇದ್ದಳು. ನನ್ನ ಅಪ್ಪ ಅಮ್ಮನನ್ನು ನೋಡಿಕೊಂಡಳು, ಮಗಳು ಕಮಲಳನ್ನು ಬೆಳೆಸಿ ಉಡುಮಲೈಪೇಟೆಗೆ ಮದುವೆ ಮಾಡಿ ಕೊಟ್ಟಳು. ಇದರ ನಡುವೆಯೇ ನಡುಮನೆಯ ಗುಂಡಿ ಮಗ್ಗದಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ಸೀರೆ ನೇಯ್ದಳು. ನಾನು ರಜೆ ಸಿಕ್ಕಾಗ ನೆಂಟನ ಹಾಗೆ ಬಂದು ಹೋಗುತ್ತಿದ್ದೆ.

ರಿಟೈರ್ ಆಗಿ ಬಂದವನೇ ಹೇಳಿದೆ: "ಇನ್ನು ಈ ಕಷ್ಟ ಸಾಕು. ಪೆನ್ಷನ್ ಬರುತ್ತೆ. ನೀನೂ ಕಾಲು ಚಾಚಿ ಕೂತ್ಕೋ."

ಅವಳು ಏನೂ ಹೇಳಲಿಲ್ಲ. ಒಪ್ಪಿದಳು ಎಂದುಕೊಂಡೆ. (ನಾವು ಗಂಡಸರು ಅಂಥ ಹೊತ್ತಿನಲ್ಲಿ ಬೇರೆ ಏನನ್ನಾದರೂ ಅಂದುಕೊಂಡದ್ದುಂಟೇ?) ಮಗ್ಗ ಬಿಚ್ಚಿಸಿ ಮರಗಳನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಇರಿಸಿದೆ. ಗುಂಡಿಗೆ ಮಣ್ಣು ತುಂಬಿಸಿ ಮೇಲೆ ಸಿಮೆಂಟ್ ಹಾಕಿಸಿದೆ. ಅದರ ಮೇಲೆ ನನ್ನ ಈಸಿ ಚೇರ್ ಬಂತು.

ಎಂಥಾ ಸುಖ ಅದು! ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಪಾಲಕ್ಕಾಡಿನ ಕಡೆಯಿಂದ ತಣ್ಣನೆ ಗಾಳಿ, ಕೈಯಲ್ಲಿ ಕಾಫಿ, ಮೂರು ದಿನ ತಡವಾಗಿ ಬರುವ ಪೇಪರ್. ಹಿಡಿಯಬೇಕಾದ ಬಸ್ಸಿಲ್ಲ, ನಮಸ್ಕಾರ ಹೊಡೆಯಬೇಕಾದ ಆಫೀಸರ್ ಇಲ್ಲ. ಪಳನಿಗೆ ಬನ್ನಿ, ಊಟಿಗೆ ಬನ್ನಿ ಎಂದು ಯಾರು ಕರೆದರೂ ನಾನು ಹೋಗಲಿಲ್ಲ. ಹಳ್ಳಿಯ ಮನೆಯಲ್ಲಿ ಸುಮ್ಮನೆ ಇರುವುದರ ನೆಮ್ಮದಿಯನ್ನು ಇದೇ ಅಂಕಣದಲ್ಲಿ ಎಷ್ಟು ಸಲ ಹೊಗಳಿದೆನೋ ಲೆಕ್ಕವಿಲ್ಲ.

ಹೋದ ತಿಂಗಳು ನನ್ನ ಹಳೆಯ ಸಹೋದ್ಯೋಗಿ ಶಿವಣ್ಣ ಪಳನಿಗೆ ಹೋಗುವ ದಾರಿಯಲ್ಲಿ ಮನೆಗೆ ಬಂದ. ನನ್ನದೊಂದು ಅಂಕಣವನ್ನು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಂದದ್ದು.

"ಅತ್ತಿಗೆ, ನಿಮ್ಮ ವಿಷಯ ಬರೆದಿದಾನೆ, ಕೇಳಿ" ಎಂದು ಗಟ್ಟಿಯಾಗಿ ಓದಿದ. ನನ್ನ ಹೆಂಡತಿ ಮಗ್ಗದ ದುಡಿತದಿಂದ ಬಿಡುಗಡೆಯಾಗಿ ಹಾಯಾಗಿದ್ದಾಳೆ, ಅವಳಿಗೆ ಈಗ ಯಾವ ಆಸೆಯೂ ಉಳಿದಿಲ್ಲ ಎಂದು ಅದರಲ್ಲಿತ್ತು.

ಸೌಡಮ್ಮ ಕಾಫಿ ಲೋಟ ಹಿಡಿದು ಕೇಳಿಸಿಕೊಂಡಳು. "ಅಣ್ಣ, ಕಡೇದು ಇನ್ನೊಂದು ಸಲ ಓದಿ" ಎಂದಳು. ಅವನು ಇನ್ನೂ ಗಟ್ಟಿಯಾಗಿ ಓದಿದ.

ಶಿವಣ್ಣನ ಬಸ್ಸು ಹೋದ ಮೇಲೆ ಅವಳು ನನ್ನ ಎದುರು ಬಂದು ನಿಂತಳು.

"ಕಮಲನ ಅಪ್ಪ, ಇದನ್ನ ಮೈಸೂರಲ್ಲಿ ಎಲ್ಲಾರೂ ಓದಿದ್ರಾ?"

"ಓದಿರ್ತಾರೆ."

"ನಂಗೆ ಆಸೆ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು?"

ಅವಳೇ ಮುಂದುವರಿಸಿದಳು. "ನೀವು ವೇಲೆ ಮುಗಿಸಿ ಮನೆಗೆ ಬಂದ್ರಿ. ಮನೇಲಿ ಇರೋದು ನಿಮಗೆ ಹೊಸದು, ಶರಿ. ನಾ ಎಲ್ಲಿಂದ ಬಂದೆ? ನಾ ಇಲ್ಲೇ ತಾನೆ ಇದ್ದೆ? ತರೀಲಿ ಕೂತಾಗ ಮಾತ್ರ ನಾ ನನ್ನ ಪಾಡಿಗೆ ಇರ್ತಿದ್ದೆ. ಆಗ ಅತ್ತೆ ಸಹ ಕರೀತಿರಲಿಲ್ಲ."

ವೇಲೆ ಎಂದರೆ ಕೆಲಸ, ತರಿ ಎಂದರೆ ಮಗ್ಗ. ಅದನ್ನು ನಾನು ಅವಳ ಹೊರೆ ಎಂದು ತಿಳಿದಿದ್ದೆ. ಇಡೀ ಮನೆಯಲ್ಲಿ ಅವಳದೇ ಅಂತ ಇದ್ದದ್ದು ಆ ಒಂದು ಜಾಗ.

"ಅವತ್ತೇ ಹೇಳಬಾರದಿತ್ತಾ?" ಎಂದೆ.

"ನೀವು ಕೇಳಿದ್ರಾ? ಸಿಮೆಂಟ್ ತಂದ್ರಿ."

ಆ ಮಾತಿನ ಮೇಲೆ ನನಗೆ ಈಸಿ ಚೇರಿನಲ್ಲಿ ಕೂರಲು ಆಗಲಿಲ್ಲ. ಮೂವತ್ತೊಂದು ವರ್ಷ ನಾನಿಲ್ಲದೆ ನಡೆದ ಮನೆ ಇದು. ಬಂದ ವಾರವೇ ಅದರ ಯಜಮಾನನಾಗಿ ಅವಳ ಕೆಲಸ ಕಿತ್ತುಕೊಂಡು, ಅದಕ್ಕೆ ವಿಶ್ರಾಂತಿ ಎಂದು ಹೆಸರಿಟ್ಟೆ. ನಾಚಿಕೆಯಾಯಿತು. ಅವಳಿಗೆ ಓದಲು ಬಾರದ ಅಕ್ಷರದಲ್ಲಿ ಅವಳ ಮನಸ್ಸನ್ನು ನಾನೇ ಬರೆದು, ಮೆಚ್ಚುಗೆಯ ಕಾಗದಗಳನ್ನೂ ತರಿಸಿಕೊಂಡಿದ್ದೆನಲ್ಲ, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಆಳು ಕರೆಸಬಹುದಿತ್ತು. ಕರೆಸಲಿಲ್ಲ. ಮೂರು ದಿನ ಅಗೆದೆ. ಬಡಗಿ ಬಂದು ಮಗ್ಗ ನಿಲ್ಲಿಸಿಕೊಟ್ಟ. ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿದಿದ್ದ ಒಂದು ಮರ ಮಾತ್ರ ಹೊಸದು. ಸೌಡಮ್ಮ ಅಂಚಿನಲ್ಲಿ ಕೂತು ಕಾಲುಗಳನ್ನು ನಿಧಾನವಾಗಿ ಗುಂಡಿಗೆ ಇಳಿಸಿದಳು. ಎರಡು ವರ್ಷ ಅಭ್ಯಾಸ ತಪ್ಪಿದ ಮಂಡಿ, ಒಂದು ಕಾಲನ್ನು ಕೈಯಲ್ಲೇ ಎತ್ತಿ ಇಡಬೇಕಾಯಿತು.

ಮರುದಿನ ಇಬ್ಬರೂ, ನೂಲು ಕೊಟ್ಟು ಕೂಲಿಗೆ ಸೀರೆ ನೇಯಿಸಿಕೊಳ್ಳುವವರ ಬಳಿ ಹೋದೆವು. ಅವಳ ಪಾಲಿನ ನೂಲು ಆಗಲೇ ಬೇರೆ ಮನೆಗೆ ಹೋಗುತ್ತಿದೆಯಂತೆ. ಅವರದು ತಪ್ಪಿಲ್ಲ, ಎರಡು ವರ್ಷ ಯಾರು ಕಾಯುತ್ತಾರೆ? "ಯಾರಾದ್ರೂ ಬಿಟ್ರೆ ಸೊಲ್ಲಿ ಅನುಪ್ಪುರೇನ್ ಅಮ್ಮಾ" ಎಂದರು, ಹೇಳಿ ಕಳಿಸುತ್ತೇನೆ ಎಂದು. ಮಗ್ಗ ಈಗ ಖಾಲಿ ನಿಂತಿದೆ. ಅವಳು ದಿನವೂ ಒರೆಸುತ್ತಾಳೆ.

ಈ ಬರಹವನ್ನು ಅಂಚೆಗೆ ಹಾಕುವ ಮೊದಲು ಅವಳಿಗೆ ಓದಿ ಹೇಳಿದೆ. ಇಷ್ಟು ವರ್ಷದಲ್ಲಿ ಇದೇ ಮೊದಲು. ಪೂರ್ತಿ ಕೇಳಿ ಹೇಳಿದಳು: "ಕಳಿಸಿ. ಕಡೇಲಿ ನಂಗೆ ಸಂತೋಷ ಆಯ್ತು ಅಂತ ಮಾತ್ರ ಬರೀಬೇಡಿ. ಅದು ಇನ್ನೂ ಆಗಿಲ್ಲ."

ಬರೆದಿಲ್ಲ.