ಏನೂ ತಿನ್ನದ ಕೂಸಿನ ಗಂಜಿ

ಮೊನ್ನೆ ಮಧ್ಯಾಹ್ನ ಜಲನಗರದ ನಮ್ಮ ಮನೆಯಲ್ಲಿ ಜೋಳ ಹುರಿಯುವ ವಾಸನೆ ಎದ್ದಿತು. ನೀವು ನಮ್ಮ ವಿಜಾಪುರದ ಕಡೆಯವರಾದರೆ ಅದರಲ್ಲೇನು ವಿಶೇಷ ಎನ್ನುತ್ತೀರಿ. ಆದರೆ ಇದು ಮೊಳಕೆ ಬರಿಸಿ ಒಣಗಿಸಿದ ಜೋಳ. ಅದರ ವಾಸನೆಯಲ್ಲಿ ಸ್ವಲ್ಪ ಸಿಹಿ ಇರುತ್ತದೆ, ಸ್ವಲ್ಪ ಬಿಸಿಲಿಗೆ ಕಾದ ಹುಲ್ಲು ಇರುತ್ತದೆ. ಓದುತ್ತಿದ್ದ ಪೇಪರು ಮಡಚಿಟ್ಟು ಅಡಿಗೆಮನೆಗೆ ಹೋದೆ. ಸೊಸೆ ಮೊಮ್ಮಗಳ ಗಂಜಿಗೆ ಹಿಟ್ಟು ಮಾಡುವ ತಯಾರಿಯಲ್ಲಿದ್ದಳು. ಬಬಲೇಶ್ವರದಿಂದ ಬಂದಿದ್ದ ನನ್ನ ಅಕ್ಕ ಹೊಸ್ತಿಲ ಬಳಿ ಕಾಲು ಚಾಚಿ ಕೂತು, ಮೊರದಲ್ಲಿ ಹೆಸರುಬೇಳೆಯ ಕಲ್ಲು ಆರಿಸುತ್ತಿದ್ದಳು.

ಯಾರೂ ಕೇಳದಿದ್ದರೂ ಸಲಹೆ ಕೊಡುವುದು ನಿವೃತ್ತ ಪ್ರಾಧ್ಯಾಪಕರಿಗೆ ಪಿಂಚಣಿಯ ಜತೆಗೇ ಬರುವ ಸವಲತ್ತು. ನಮ್ಮ ಆಯಿ, ಅಂದರೆ ಅಜ್ಜಿ, ಟಿಕೋಟಾದಲ್ಲಿ ಈ ಹಿಟ್ಟನ್ನು ಹೇಗೆ ಮಾಡುತ್ತಿದ್ದಳೆಂದು ಶುರುಮಾಡಿದೆ. ಸೊಸೆ ತಾಳ್ಮೆಯವಳು. ಸ್ವಲ್ಪ ಹೊತ್ತು ಕೇಳಿ, "ಹೆಸರು ಎಷ್ಟು ಹಾಕೂದ್ರಿ ಮಾವಾರ?" ಎಂದಳು.

"ಒಂದು ಹಿಡಿ."

"ಯಾರ ಹಿಡಿರಿ? ನಿಮ್ಮ ಆಯಿ ಹಿಡಿನೋ, ನಂದೋ?"

ಅಕ್ಕ ಮೊರದತ್ತಲೇ ನೋಡುತ್ತ ನಕ್ಕಳು. ನಾನು ನನ್ನ ಅಂಗೈ ನೋಡಿಕೊಂಡೆ. ದೇವರನ್ನು, ಜ್ಯೋತಿಷ್ಯವನ್ನು, ಸರಕಾರದ ಪ್ರಕಟಣೆಗಳನ್ನು ಸಂಶಯಿಸುತ್ತಲೇ ಮುದುಕನಾದವನು ನಾನು. ಪರೀಕ್ಷೆಗೆ ಒಡ್ಡದೆ ನಂಬಿಕೊಂಡು ಬಂದದ್ದು ನನ್ನ ನೆನಪೊಂದನ್ನೇ. ಅದರ ಬುಡಕ್ಕೂ ಈಗ ಒಂದು ಹಿಡಿ ಹೆಸರು ಬಿತ್ತು.

ಯುದ್ಧ ಮುಗಿದು ರೇಷನ್ನು ಮಾತ್ರ ಉಳಿದುಕೊಂಡಿದ್ದ ಕಾಲ ಅದು. ಪುಣೆಯಲ್ಲಿ ಬಿ.ಎಸ್ಸಿ. ಮುಗಿಸಿ ನಾನು ಟಿಕೋಟಾಕ್ಕೆ ಬಂದು ಕೆಲಸ ಹುಡುಕುತ್ತಿದ್ದೆ. ಅಂದರೆ ಬೆಳಿಗ್ಗೆ ತಡವಾಗಿ ಏಳುತ್ತಿದ್ದೆ. ಅವ್ವ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದಳು. ಅಕ್ಕನನ್ನೂ ನನ್ನನ್ನೂ ಬೆಳೆಸಿದವಳು ಆಯಿ. ಅಕ್ಕ ಎರಡನೆಯ ಬಾಣಂತನಕ್ಕೆ ಬಂದಿದ್ದಳು. ಮೊದಲನೆಯ ಕೂಸು ವಿಜಾಪುರದಲ್ಲಿ, ಸ್ಟೇಷನ್ ರಸ್ತೆಯ ಹಿಂದಿನ ಬಾಡಿಗೆ ಖೋಲಿಯಲ್ಲಿ ಜ್ವರ ಬಂದು ತೀರಿಹೋಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನೂ ಎತ್ತುತ್ತಿರಲಿಲ್ಲ, ಆದರೆ ಅದು ನನ್ನ ಸೂಕ್ಷ್ಮತೆಯಲ್ಲ, ತಲೆಯ ತುಂಬ ಪುಣೆಯಿದ್ದುದರಿಂದ ಬಂದ ಮರೆವು.

ಆಯಿ ಹಿಟ್ಟು ಮಾಡುವ ರೀತಿ ನನಗೆ ಕಣ್ಣಿಗೆ ಕಟ್ಟಿದಂತಿದೆ. ಕಣ್ಣಿಗೆ ಕಟ್ಟಿದ್ದನ್ನು ಎಷ್ಟು ನಂಬಬೇಕೆಂಬುದು ಬೇರೆ ಪ್ರಶ್ನೆ. ಬಿಳಿಜೋಳ ನೆನೆಹಾಕಿ, ಹಳೆಯ ಧೋತರದಲ್ಲಿ ಗಂಟು ಕಟ್ಟಿ ಗಡಿಗೆಯ ಮೇಲೆ ಇಡುತ್ತಿದ್ದಳು. ಮೊಳಕೆ ಒಡೆದ ಮೇಲೆ ಪಡಸಾಲೆಯ ನೆರಳಲ್ಲಿ ಹರವಿ ಒಣಗಿಸಿ, ಅಂಗೈಯಿಂದ ತಿಕ್ಕಿ ಬೇರುಗಳನ್ನು ಉದುರಿಸಿ, ಸಣ್ಣ ಉರಿಯಲ್ಲಿ ಹುರಿಯುತ್ತಿದ್ದಳು. ಹೆಸರುಬೇಳೆ ಬೇರೆ ಹುರಿದು, ಬೆರಳ ತುದಿಯಷ್ಟು ಒಣಶುಂಠಿ ಸೇರಿಸಿ ಬೀಸುವ ಕಲ್ಲಿಗೆ ಕೂರುತ್ತಿದ್ದಳು. ಬೇರೆ ಹೆಂಗಸರು ಬೀಸಿದರೆ ಬಳೆಗಳೂ ತಾಳ ಹಾಕುತ್ತವೆ. ಆಯಿಯದು ವಿಧವೆಯ ಬರಿಗೈ. ಕಲ್ಲಿನ ಸದ್ದೊಂದೇ ಕೇಳುತ್ತಿತ್ತು. ಬೀಸಿದ್ದನ್ನು ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕದಡಿ, ಗಂಟಾಗದಂತೆ ಕುದಿಸಿ, ಚೂರು ಬೆಲ್ಲ, ಒಂದು ಹನಿ ತುಪ್ಪ. ಇದರಲ್ಲಿ ಪ್ರೋಟೀನು ಎಷ್ಟು, ಪಿಷ್ಟ ಎಷ್ಟು ಎಂದು ನಾನು ವಿವರಿಸುತ್ತಿದ್ದರೆ ಆಯಿ, "ಆ ಮಾತು ಸಾಕು, ಒಂದೀಟು ಕಟಗಿ ಮುಂದ ಸರಿಸು" ಎನ್ನುತ್ತಿದ್ದಳು.

ಗಂಜಿಯಲ್ಲಿ ಹಾಕುವ ಇನ್ನೊಂದು ಪದಾರ್ಥವಿತ್ತು. ಅದು ಸುಳ್ಳು. ಕೂಸು ಚೆನ್ನಾಗಿ ತಿನ್ನುತ್ತದೆ ಎಂದು ಬಾಯಿಬಿಟ್ಟು ಹೇಳಬಾರದು, ದೃಷ್ಟಿ ತಾಕುತ್ತದೆ. ಆದ್ದರಿಂದ ಬಟ್ಟಲು ಖಾಲಿಯಾಗಿ, ಕೂಸಿನ ಗಲ್ಲದ ಮೇಲೆ ಗಂಜಿ ಇನ್ನೂ ಒಣಗದೆ ಇರುವಾಗ ಯಾರಾದರೂ ಕೇಳಿದರೆ ಆಯಿಯ ಮುಖ ಬಾಡುತ್ತಿತ್ತು. "ಎಲ್ಲಿ ತಿಂತೈತಿ ಯವ್ವಾ. ಬಾಯಾಗ ಹಾಕಿದ್ದು ಹೊರಗ ಬರತೈತಿ. ನೋಡು, ಕಡ್ಡಿ ಆಗೇತಿ." ತೊಡೆಯ ಮೇಲೆ ಮಡಿಕೆ ಬಿದ್ದ ಕೂಸನ್ನು ತೋರಿಸಿ ಹೇಳುವ ಮಾತು ಇದು. ಕೇಳಿದವಳೂ ಆ ಮಡಿಕೆಗಳನ್ನು ನೋಡಿ, "ಹೌದ ಬಿಡು, ಭಾಳ ಸಣ್ಣ ಆಗೇತಿ" ಎಂದು ಮರುಗುವಳು. ಇಬ್ಬರೂ ಸುಳ್ಳು ಹೇಳಿ, ಇಬ್ಬರಿಗೂ ನಿಜ ತಿಳಿದು, ಇಬ್ಬರೂ ಸಮಾಧಾನದಿಂದ ಬೇರೆಯಾಗುವರು. ಇಂಥ ವ್ಯವಹಾರ ಅಶಿಕ್ಷಿತರಲ್ಲಿ ಮಾತ್ರ ಸುಸೂತ್ರವಾಗಿ ನಡೆಯುತ್ತದೆ.

ತೊಂದರೆ ಬಂದದ್ದು ಭಾವನಿಂದ. ಅಕ್ಕನ ಗಂಡ ವಿಜಾಪುರದಲ್ಲಿ ಸಾಲಿ ಮಾಸ್ತರ. ಹಿರಿಯರು ಹೇಳಿದ್ದನ್ನು ಅಕ್ಷರಶಃ ನಂಬುವ ಸಜ್ಜನ. ಒಂದು ರವಿವಾರ ಬಸ್ಸಿಳಿದು ಬಂದವನು ಕೂಸು ಹೇಗಿದೆ ಎಂದು ಕೇಳಿದ. ಆಯಿ ಯಥಾಪ್ರಕಾರ, "ಎಲ್ಲಿ ತಿಂತೈತ್ರಿ ಅಳಿಯಾರ" ಎಂದಳು. ಪಾಪ, ಅವನ ಮುಖ ಇಳಿದುಹೋಯಿತು. ಒಂದು ಕೂಸನ್ನು ಕಳೆದುಕೊಂಡ ಮನುಷ್ಯ. ಮುಂದಿನ ಸಲ ಸ್ಟೇಷನ್ ರಸ್ತೆಯ ಅಂಗಡಿಯಿಂದ ವಿಲಾಯತಿ ಹಾಲಿನ ಪುಡಿಯ ಡಬ್ಬಿ ಹೊತ್ತು ತಂದ. ಡಬ್ಬಿಯ ಮೇಲಿನ ಇಂಗ್ಲಿಷನ್ನು ನಾನು ಎಲ್ಲರಿಗೂ ಓದಿ ಹೇಳಿದೆ. ಆಯಿ ಡಬ್ಬಿಯ ಮುಚ್ಚಳ ಎಷ್ಟು ಗಟ್ಟಿಯಾಗಿ ಕೂರುತ್ತದೆಂಬುದನ್ನು ಮಾತ್ರ ಪರೀಕ್ಷಿಸಿದಳು.

ಮೂರನೆಯ ಸಲ ಅವನ ಜತೆಗೆ ಅವನ ತಾಯಿ, ಬಬಲೇಶ್ವರದ ಬೀಗತಿಯೂ ಬಂದರು. ಭಾವ ಮಾತು ಬಿಚ್ಚಿದ. ಕೂಸು ಇಲ್ಲಿ ಚೆನ್ನಾಗಿ ಬೆಳೆಯುತ್ತಿದ್ದರೆ ನಡೆಯಲು ಕಲಿಯುವವರೆಗೆ ಟಿಕೋಟಾದಲ್ಲೇ ಇರಲಿ. ಆ ಖೋಲಿಯೆಂದರೆ ತನಗೂ ಭಯವೇ. ಆದರೆ ಏನೂ ತಿನ್ನುತ್ತಿಲ್ಲವೆಂದ ಮೇಲೆ ಇಲ್ಲಿಟ್ಟು ಏನು ಪ್ರಯೋಜನ? ಪೇಟೆಯಲ್ಲಾದರೆ ಡಾಕ್ಟರು ಹತ್ತಿರವಿದ್ದಾರೆ. ತಾಯಿ-ಮಗ ಇಬ್ಬರನ್ನೂ ಕರೆದೊಯ್ಯುತ್ತೇನೆ ಎಂದ.

ಆಯಿ ಕಂಬಕ್ಕೆ ಒರಗಿದಳು. ಅವಳ ಪ್ರಾಣವೆಲ್ಲ ಆ ಕೂಸಿನಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ಒಂದೇ ಮಾತು ಸಾಕಿತ್ತು: ತಿನ್ನುತ್ತದೆ. ಆ ಮಾತು ಅವಳ ಬಾಯಿಂದ ಬರಲಿಲ್ಲ. ನಾನು ತಡೆಯಲಾರದೆ, ಈಗಷ್ಟೇ ಒಂದು ಬಟ್ಟಲು ಮುಗಿಸಿತಲ್ಲ ಎಂದುಬಿಟ್ಟೆ.

"ಬಾಯಿ ಮುಚ್ಚಲೇ," ಎಂದಳು ಆಯಿ. "ಪುಣೇದಾಗ ಇದನ್ನ ಕಲಿಸ್ಯಾರೇನು?"

ಭಾವ ನನ್ನನ್ನೂ ಆಯಿಯನ್ನೂ ನೋಡಿದ. ಯಾರನ್ನು ನಂಬುವುದು? ನಾನು ವಿಜ್ಞಾನದ ಮೊರೆಹೊಕ್ಕೆ. ಕೂಸನ್ನು ತೂಗಿ ನೋಡೋಣ. ಈ ವಯಸ್ಸಿಗೆ ಇಷ್ಟು ತೂಕವಿರಬೇಕೆಂದು ಪೇಟೆಯ ಡಾಕ್ಟರು ಅವನಿಗೆ ಹೇಳಿದ್ದರು. ಅಷ್ಟಿದ್ದರೆ ಇಲ್ಲಿರಲಿ, ಕಡಿಮೆಯಾದರೆ ಹೋಗಲಿ. ಭಾವ ಒಪ್ಪಿದ. ಆಯಿ ಮಾತ್ರ ನಾನು ಕೂಸನ್ನು ಸಂತೆಗೆ ಒಯ್ಯುತ್ತೇನೆ ಎಂದೆನೋ ಎಂಬಂತೆ ನನ್ನನ್ನು ನೋಡಿದಳು. ದಾರಿ ತೋರಿಸಿದವರು ಬೀಗತಿ. "ತೂಗೂದಾದ್ರ ದೇವರ ಹೆಸರೀಲೆ ಬೆಲ್ಲ ಇಟ್ಟು ತೂಗ್ರಿ. ಹಂಗ ಸುಮ್ಮನ ತೂಗತಾರೇನು, ಮೆಣಸಿನಕಾಯಿ ತೂಗಿದಂಗ?"

ಹೀಗೆ ನನ್ನ ಪ್ರಯೋಗ ಹನುಮಪ್ಪನ ಹರಕೆಯಾಯಿತು. ತಿಳಿಯುವುದಕ್ಕಾಗಿ ತೂಗಿದರೆ ಪಾಪ, ಕೊಡುವುದಕ್ಕಾಗಿ ತೂಗಿದರೆ ಪುಣ್ಯ. ತೂಗಿದ ಮೇಲೆ ಬೆಲ್ಲದ ತೂಕ ಎಷ್ಟೆಂದು ನೋಡಬಾರದೆಂಬ ನಿಯಮವೇನೂ ಇರಲಿಲ್ಲ. ಕಾಳು ಮಾರುವ ಅಡತಿ ಅಂಗಡಿಯಿಂದ ತಕ್ಕಡಿ ತಂದು ಪಡಸಾಲೆಯ ತೊಲೆಗೆ ಕಟ್ಟಿದೆವು. ಒಂದು ತಟ್ಟೆಯಲ್ಲಿ ಬೆಲ್ಲದ ಪೆಂಟೆ, ತುಂಡುಗಳು. ಇನ್ನೊಂದರಲ್ಲಿ ಕೌದಿಯ ಮೇಲೆ ಕೂಸು. ಅದಕ್ಕೆ ಉಯ್ಯಾಲೆಯೆಂದು ಖುಷಿ. ನಾನು ಮುಳ್ಳಿನ ಮೇಲೆ ಕಣ್ಣಿಟ್ಟು, ಬೆಲ್ಲ ಹಾಕಿ, ತೆಗೆಯಿರಿ ಎಂದು ಅಪ್ಪಣೆ ಕೊಡುತ್ತಿದ್ದೆ. ಮುಳ್ಳು ನೆಟ್ಟಗಾಗುವ ಕ್ಷಣದಲ್ಲಿ ಹಸಿರು ಬಳೆಗಳು ಕಿಣಿ ಎಂದವು. ಕಣ್ಣು ಕೆಳಗಿಳಿಸಿದರೆ ಕೂಸಿನ ತಟ್ಟೆಯ ಅಡಿಗೆ ಒಂದು ಕೈ, ಮೆಲ್ಲಗೆ ಮೇಲಕ್ಕೆ ಒತ್ತುತ್ತಿತ್ತು. ಆಯಿಯ ಕೈ. ದೃಷ್ಟಿಯ ಭಯಕ್ಕೆ ಕೂಸನ್ನು ಹಗುರ ಮಾಡುತ್ತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಬೀಗತಿ ಹನುಮಪ್ಪನಿಗೆ ಕೈಮುಗಿದರು, ತೂಕ ಮುಗಿಯಿತು. ಬೆಲ್ಲವನ್ನು ತೂಕದ ಕಲ್ಲಿಟ್ಟು ತೂಗಿದಾಗ ಡಾಕ್ಟರು ಹೇಳಿದ್ದಕ್ಕಿಂತ ಕಡಿಮೆ ಬಂತು. ಬೀಗತಿಯ ಎದುರಿಗೆ ಆಯಿಯನ್ನು ಕಳ್ಳಿಯೆನ್ನುವಷ್ಟು ವಿಜ್ಞಾನ ನನ್ನಲ್ಲಿರಲಿಲ್ಲ.

ಮರುದಿನವೇ ಅಕ್ಕ ಕೂಸಿನೊಂದಿಗೆ ಬಸ್ಸು ಹತ್ತಿದಳು. ಆಯಿ ವಿಲಾಯತಿ ಪುಡಿಯನ್ನು ಎಮ್ಮೆಯ ದಾಣಿಗೆ ಬೆರೆಸಿ, ಖಾಲಿಯಾದ ಡಬ್ಬಿಗೆ ತನ್ನ ಹಿಟ್ಟು ಒತ್ತಿ ತುಂಬಿ ಅಕ್ಕನ ಚೀಲದಲ್ಲಿಟ್ಟಳು. ಮುಂದೆ ಹಿಟ್ಟು ಮುಗಿದಾಗೆಲ್ಲ ಟಿಕೋಟಾದಿಂದ ಗಂಟು ಹೋಗುತ್ತಿತ್ತು, ಅದೇ ಡಬ್ಬಿಗೆ ಸೇರುತ್ತಿತ್ತು. ಕೂಸು ದುಂಡಗಾಯಿತು. ಭಾವ ಸಾಲಿಯಲ್ಲೆಲ್ಲ ಆ ಡಬ್ಬಿಯನ್ನು ಹೊಗಳಿದನಂತೆ. ಆಯಿಗೆ ಈ ಸುದ್ದಿ ಮುಟ್ಟಿದಾಗ ಸಿಟ್ಟು ಬಂದೀತೆಂದುಕೊಂಡಿದ್ದೆ. "ಚಲೋ ಆತು, ದೃಷ್ಟಿ ಡಬ್ಬಿಗಿ ಬೀಳಲಿ" ಎಂದಳು. ಆ ಕೂಸು ಈಗ ಬಬಲೇಶ್ವರದಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಅಡತಿ ಅಂಗಡಿಯ ತಕ್ಕಡಿಯನ್ನು ನಂಬಿ ಅದನ್ನು ಕೂರಿಸುವ ಧೈರ್ಯ ಇಂದು ಯಾರಿಗೂ ಇಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದಷ್ಟು ಕಾಲವೂ ತಕ್ಕಡಿಯ ಪಾಠ ಬಂದಾಗ ಈ ಕಥೆ ಹೇಳಿದ್ದೇನೆ. ಮೂಢನಂಬಿಕೆಯ ಬೆಲೆ ಏನೆಂಬುದಕ್ಕೆ ಉದಾಹರಣೆಯಾಗಿ. ಮುದುಕಿ ತನ್ನ ಕೈಯಿಂದಲೇ ತನ್ನ ಕೂಸನ್ನು ಕಳಿಸಿಕೊಟ್ಟಳು, ನೋಡಿ. ಬಳೆಗಳ ಕಿಣಿಕಿಣಿ ಹೇಳಿದಾಗ ಹುಡುಗರು ತಪ್ಪದೆ ನಗುತ್ತಿದ್ದರು. ಮೊನ್ನೆ ಅಡಿಗೆಮನೆಯಲ್ಲಿ ಸೊಸೆಗೂ ಅದನ್ನೇ ಹೇಳಿದೆ. ಅವಳೂ ನಕ್ಕಳು. ಅಕ್ಕ ನಗಲಿಲ್ಲ.

"ಆಯಿ ಕೈಯಾಗ ಬಳಿ ಎಲ್ಲಿದ್ದುವೋ ಹುಚ್ಚಾ?" ಎಂದಳು.

ನಾನು ಗಲ್ಲ ತುರಿಸಿಕೊಂಡೆ.

"ಆಯಿ ಬೆಲ್ಲದ ಕಡೆ ಇದ್ದಳು. ಕೂಸಿನ ಕಡೆ ನಾ ಇದ್ದೆ. ತಕ್ಕಡ್ಯಾಗ ಕೂಸು ಕುಂದರಿಸಿ ತಾಯಿ ಮತ್ತ ಎಲ್ಲಿ ನಿಲ್ಲತಾಳ?"

ಇದು ತರ್ಕ. ಬಾಣಂತಿಯ ಕೈಯಲ್ಲಿ ಹಸಿರು ಬಳೆ, ವಿಧವೆಯ ಕೈ ಬರಿದು. ಸಾಕ್ಷ್ಯವನ್ನು ಇಷ್ಟು ವರ್ಷ ನಾನೇ ಹೊತ್ತುಕೊಂಡು ತಿರುಗಿದ್ದೆ; ಹುಡುಗರನ್ನು ನಗಿಸಲು ಅದನ್ನು ಕಿಣಿಕಿಣಿ ಎನಿಸಿಯೂ ಇದ್ದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

ಅಕ್ಕ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. "ತೂಕ ಬಂದಿದ್ರ ನಿನ್ನ ಭಾವ ನಮ್ಮನ್ನ ಅಲ್ಲೇ ಬಿಟ್ಟು ಹೋಗತಿದ್ದರು. ಆ ಖೋಲ್ಯಾಗ ನಂದೊಂದು ಕೂಸು ಹೋಗಿತ್ತೋ ತಮ್ಮಾ. ಎರಡನೇದು ಅದ ಖೋಲ್ಯಾಗ ಅಂಬೆಗಾಲು ಇಡಬೇಕಿತ್ತು. ಇಲ್ಲಾಂದ್ರ ನಾ ಆ ಬಾಗಿಲ ಮತ್ತ ದಾಟತಿದ್ದಿಲ್ಲ."

ಸೊಸೆ ಒಲೆ ಆರಿಸಿದಳು. ಆಯಿಗೆ ಇದು ಗೊತ್ತಿತ್ತೇ ಎಂದು ನಾನು ಕೇಳಿದೆ.

"ನೋಡಿದಳು. ನೋಡಿ ಮುಖ ಆ ಕಡೆ ತಿರುವಿದಳು. ನಾವು ಹೋದ ಮ್ಯಾಲ ನಿನ್ನ ಕೈಯಾಗ ಗುಡಿಗೆ ಮತ್ತೊಂದು ಪೆಂಟಿ ಬೆಲ್ಲ ಕೊಟ್ಟಿದ್ದಳಂತಲ್ಲ, ಅದು ಯಾಕಂತೀ? ದೇವರಿಗೆ ತೂಕ ಕಡಿಮಿ ಆಗಬಾರದಂತ."

ಹೌದು, ನಾನೇ ಒಯ್ದಿದ್ದೆ. ಬೆಲ್ಲ ಸಿಗುವುದೇ ಕಷ್ಟವಾಗಿರುವಾಗ ದೇವರಿಗೆ ಎರಡೆರಡು ಸಲ ಕೊಡುತ್ತಾಳಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದ್ದು ಚೆನ್ನಾಗಿ ನೆನಪಿದೆ. ನನಗೆ ನೆನಪಿರುವುದೆಲ್ಲ ನನ್ನ ಗೊಣಗಾಟ.

"ಮೊದಲನೇ ಕೂಸಿಗೆ ಆಯಿ ಊರ ತುಂಬ ಹೇಳಿದ್ದಳು," ಎಂದಳು ಅಕ್ಕ, ಮೊರ ಕೊಡವುತ್ತ. "ನಮ್ಮ ಕೂಸು ಬಟ್ಟಲ ನೆಕ್ಕತೈತಿ ಅಂತ. ಆ ಮ್ಯಾಲ ಯಾವ ಕೂಸಿಗೂ ಹಂಗ ಅನ್ನಲಿಲ್ಲ."

ಅಕ್ಕನ ನೆನಪೂ ನೆನಪೇ; ಅದನ್ನೂ ಸಂಶಯಿಸಬಹುದು, ಸಂಶಯಿಸಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡು, ಒಂದು ಮುಷ್ಟಿ ಹೆಸರು ಎತ್ತಿ, ಇಷ್ಟು ಹಾಕಮ್ಮ ಎಂದೆ. ಅಕ್ಕ ನನ್ನ ಮುಷ್ಟಿ ಬಿಡಿಸಿ ಅರ್ಧ ವಾಪಸು ಸುರಿದಳು.

ನಿನ್ನೆ ಬೆಳಿಗ್ಗೆ ಆ ಹಿಟ್ಟಿನ ಮೊದಲ ಗಂಜಿಯಾಯಿತು. ವರಾಂಡದಲ್ಲಿ ಕೂತು ಮೊಮ್ಮಗಳಿಗೆ ತಿನ್ನಿಸುವ ಕೆಲಸ ನನಗೆ ಬಂತು. ಅವಳು ಬಟ್ಟಲು ಮುಗಿಸಿ, ಚಮಚ ಕಚ್ಚಿ ಹಿಡಿದು, ಇನ್ನೂ ಬೇಕೆಂದು ನನ್ನ ತೊಡೆಯ ಮೇಲೆ ಕುಪ್ಪಳಿಸುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯವರು ಗೇಟಿನ ಬಳಿ ನಿಂತು, ಮೊಮ್ಮಗಳು ಊಟ ಚಲೋ ಮಾಡತಾಳೇನ್ರಿ ಸರ್ ಎಂದು ಕೇಳಿದರು. ಒಳ್ಳೆಯ ಮನುಷ್ಯರು. ಅವರ ಕಣ್ಣಿನಲ್ಲಿ ಯಾವ ಶಕ್ತಿಯೂ ಇಲ್ಲ. ಬೆಳಕು ಕಣ್ಣೊಳಗೆ ಹೋಗುತ್ತದೆಯೇ ಹೊರತು ಕಣ್ಣಿನಿಂದ ಏನೂ ಹೊರಟು ಬಂದು ಕೂಸಿಗೆ ತಾಕುವುದಿಲ್ಲ. ಇದನ್ನು ನಾನು ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೇನೆ.

ಖಾಲಿ ಬಟ್ಟಲನ್ನು ಪೇಪರಿನ ಕೆಳಗೆ ಸರಿಸಿದೆ.

"ಎಲ್ಲಿ ತಿಂತಾಳ್ರಿ," ಎಂದೆ. "ನೋಡ್ರಿ, ಕಡ್ಡಿ ಆಗ್ಯಾಳ."