ಗಂಡು ಹೂ ಬಡಿದ ವರ್ಷ

ನಾನು ಚಿಕ್ಕವನಿದ್ದಾಗ ಅಕ್ಕನ ಜೊತೆ ಶಾಲೆಯಿಂದ ನಡೆದು ಮನೆಗೆ ಬಂದ ಕೊನೆಯ ಸಂಜೆಯಲ್ಲಿ ವಿಶೇಷವೇನೂ ಇರಲಿಲ್ಲ. ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಗಾಳಿಯಲ್ಲಿ ಇನ್ನೂ ಚಳಿಯಿತ್ತು. ನಮ್ಮ ಹಳ್ಳಿಯ ಹೊಲಗಳಲ್ಲಿ ರಾಜಾಜಿನಗರದ ಹೊಸ ರಸ್ತೆಗಳಿಗಾಗಿ ಗುರುತಿನ ಕಲ್ಲು ನೆಟ್ಟಿದ್ದರು. ಅಕ್ಕ ಒಂದೊಂದು ಕಲ್ಲನ್ನೂ ಮುಟ್ಟಿ ಮುಂದೆ ಹೋಗುತ್ತಿದ್ದಳು, ನಾನು ಅವಳ ಹಿಂದೆ. ಅವಳಿಗೆ ಹದಿಮೂರು, ನನಗೆ ಒಂಬತ್ತು. ಅವಳು ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿದ್ದಳು. ಪರೀಕ್ಷೆಗೆ ಎರಡು ತಿಂಗಳಿತ್ತು. ಅದು ಪಾಸಾದರೆ ಹೈಸ್ಕೂಲು, ಆಮೇಲೆ ಟ್ರೈನಿಂಗು, ಆಮೇಲೆ ಟೀಚರಮ್ಮ. ಇದನ್ನು ಅವಳು ಆಸೆಯೆಂಬಂತೆ ಹೇಳುತ್ತಿರಲಿಲ್ಲ. ನಾಳೆ ಕೊಟ್ಟಿಗೆ ಗುಡಿಸಬೇಕು ಎನ್ನುವ ಹಾಗೆ ಹೇಳುತ್ತಿದ್ದಳು.

ನಮ್ಮ ಬಾವಿಯ ಪಕ್ಕ ಒಂದು ಹಲಸಿನ ಮರವಿತ್ತು. ಹಿಂದಿನ ವರ್ಷದವರೆಗೆ ಸುತ್ತಲಿನ ಹೊಲಗಳಲ್ಲಿ ಇನ್ನೂ ಏಳೆಂಟು ಹಲಸಿನ ಮರಗಳಿದ್ದವು. ಬಡಾವಣೆಗೆಂದು ಅವನ್ನೆಲ್ಲ ಕಡಿದರು. ನಮ್ಮದೊಂದು ಉಳಿದಿತ್ತು. ಆ ಸಂಜೆ ಅಕ್ಕ ಚೀಲವನ್ನು ಬಾವಿಕಟ್ಟೆಯ ಮೇಲಿಟ್ಟು, ತಗ್ಗಿದ ಕೊಂಬೆಯಿಂದ ಬೆರಳುದ್ದದ ಒಂದು ಹಸಿರು ಕಾಯಿಯಂಥದ್ದನ್ನು ಕಿತ್ತು ನನ್ನ ಅಂಗೈ ಮೇಲೆ ತಟ್ಟಿದಳು. ಹಳದಿ ಧೂಳು ಉದುರಿತು. ಬೆಲ್ಲ ಹುಳಿಯಾದಂಥ ಸಿಹಿ ವಾಸನೆ. ಸಣ್ಣ ನೊಣಗಳು ಆಗಲೇ ಬಂದು ನನ್ನ ಕೈಸುತ್ತ ಹಾರಾಡತೊಡಗಿದವು.

"ಇದು ಕಾಯಲ್ಲ ಕಣೋ, ಗಂಡು ಹೂ" ಎಂದಳು. "ಒಂದಲ್ಲ, ನೂರಾರು ಹೂ ಒತ್ತಾಗಿ ಕೂತಿವೆ. ಧೂಳು ಚೆಲ್ಲತ್ತೆ, ಕರ್ರಗಾಗತ್ತೆ, ಉದುರತ್ತೆ. ಇದರ ಕೆಲಸ ಅಷ್ಟೇ."

ಆಮೇಲೆ ಕಾಂಡಕ್ಕೆ ಅಂಟಿಕೊಂಡಿದ್ದ, ದಪ್ಪ ತೊಟ್ಟಿನ, ಮೈಯೆಲ್ಲ ಒರಟಾದ ಇನ್ನೊಂದನ್ನು ತೋರಿಸಿದಳು. ಅದು ಹೆಣ್ಣು ಹೂಗಳ ಗೊಂಚಲು. ಅದರ ಒಂದೊಂದು ಮುಳ್ಳೂ ಒಂದೊಂದು ಹೂವಿನ ತುದಿ. ಪ್ರತಿ ಹೂವಿನೊಳಗೂ ಒಂದು ಪುಟ್ಟ ಚೀಲವಿರುತ್ತದೆ, ಪುಸ್ತಕದಲ್ಲಿ ಅದನ್ನು ಅಂಡಾಶಯ ಎನ್ನುತ್ತಾರೆ. ಧೂಳು ತಾಗಿದರೆ ಆ ಚೀಲದಲ್ಲಿ ಬೀಜವಾಗುತ್ತದೆ, ಸುತ್ತಲಿನ ಹೂವಿನ ಮೈ ಊದಿಕೊಂಡು ತೊಳೆಯಾಗುತ್ತದೆ. ಧೂಳು ತಾಗದ ಹೂಗಳು ಹಾಗೆಯೇ ಬತ್ತಿ, ತೊಳೆಗಳ ನಡುವಿನ ನಾರಾಗಿ ಉಳಿಯುತ್ತವೆ. ಮಾವಿನಹಣ್ಣು ಒಂದು ಹೂವಿನ ಒಂದು ಅಂಡಾಶಯದ್ದು. ಸೀತಾಫಲವೂ ಒಂದೇ ಹೂವಿನದು, ಆದರೆ ಅದರಲ್ಲಿ ಹಲವು ಅಂಡಾಶಯಗಳು ಸೇರಿ ಬೆಳೆಯುತ್ತವೆ. ಹಲಸು ಮಾತ್ರ ಒಂದು ಊರಿನಷ್ಟು ಹೂಗಳು ಒಂದೇ ಸಿಪ್ಪೆಯೊಳಗೆ ಕೂಡಿ ಬಾಳುವ ಹಣ್ಣು. ಮೇಷ್ಟ್ರು ಇದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದರಂತೆ. ಉಳಿದದ್ದನ್ನು ಅಕ್ಕ ಎರಡು ವರ್ಷ ಆ ಮರವನ್ನೇ ನೋಡಿ ನೋಡಿ ತಿಳಿದುಕೊಂಡಿದ್ದಳು.

ಮರುದಿನ ಭಾನುವಾರ. ಮಾವ ಬಂದ. ಅವ್ವನ ತಮ್ಮ. ಅವನ ಬಗ್ಗೆ ನಮ್ಮ ನೆಂಟರು ಈಗಲೂ ಒಳ್ಳೆಯ ಮಾತಾಡುತ್ತಾರೆ. ನನ್ನ ಹತ್ತಿರ ಅಂಥ ಮಾತುಗಳಿಲ್ಲ. ಅವನು ಪೇಟೆಯ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ಆ ಕೆಲಸವನ್ನು ನಾನು ಹೀಯಾಳಿಸುತ್ತಿಲ್ಲ, ಅದು ಮರ್ಯಾದೆಯ ಕೆಲಸ. ಆದರೆ ಕಚೇರಿಯ ಮುಂದಿನ ಹೂಕುಂಡಗಳಿಗೆ ನೀರು ಹಾಕುವುದು ಅವನ ಪಾಲಿಗೆ ಬಂದಿತ್ತು, ಅಷ್ಟರಿಂದಲೇ ಅವನು ಭೂಮಿಯ ಮೇಲಿನ ಗಿಡಮರಗಳಿಗೆಲ್ಲ ಪಂಡಿತನಾಗಿಬಿಟ್ಟಿದ್ದ. ಕಚೇರಿಯವರು ಕೊಟ್ಟ ಕಂದು ಕೋಟನ್ನು ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಉಳಿಯುವುದೇನೆಂದು ಅವನಿಗೂ ಗೊತ್ತಿದ್ದಿರಬೇಕು. ಮೂವತ್ತು ವರ್ಷ ಹೊಲ ಉತ್ತಿದ್ದ ಅಪ್ಪ ಆ ಕೋಟಿನ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ.

ಮಾವ ಬಾವಿಕಟ್ಟೆಯ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತ, ಮರದಡಿ ಬಿದ್ದಿದ್ದ ಕಪ್ಪು ಹೂಗಳನ್ನು ಚಪ್ಪಲಿಯಿಂದ ಹೊರಳಿಸಿದ.

"ಏನ್ ಭಾವ ಇದು, ಹೀಚೆಲ್ಲ ಕೊಳೆತು ಬಿದ್ದೈತೆ?"

"ವರ್ಷಾವರ್ಷ ಬೀಳ್ತವೆ ಕಣಯ್ಯ" ಎಂದ ಅಪ್ಪ.

"ಹಂಗಾದ್ರೆ ವರ್ಷಾವರ್ಷ ರೋಗ. ನಮ್ಮ ಆಫೀಸ್ ತೋಟದಲ್ಲಾಗಿದ್ರೆ ಒಂದಿನ ಬಿಡ್ತಿರಲಿಲ್ಲ. ಈ ಸಣಕಲು ಹೀಚೆಲ್ಲ ಬಡಿದು ಹಾಕ್ಸಿ. ಇಲ್ದಿದ್ರೆ ದಪ್ಪವಕ್ಕೂ ಹತ್ಕೊಳತ್ತೆ."

ಅಕ್ಕ ನೀರು ಸೇದುತ್ತಿದ್ದಳು. "ಮಾವ, ಅವು ಹೀಚಲ್ಲ. ಹೂವು."

"ಹೂವಾ? ಹಲಸಿನ ಮರದಲ್ಲಿ ಹೂವು ಕಂಡೋಳು ನೀನೊಬ್ಬಳೇ ಕಣಮ್ಮ. ಮುಡ್ಕೊಳ್ಳೋಕೆ ನಾಲ್ಕು ಕಿತ್ಕೊಡ್ಲಾ?"

ಅಪ್ಪ ನಕ್ಕ. ನಾನೂ ನಕ್ಕೆ.

ಅಕ್ಕ ಹಗ್ಗ ಬಿಡಲಿಲ್ಲ. "ಸಣ್ಣ ತೊಟ್ಟಿಂದು ಗಂಡು ಹೂವು, ದಪ್ಪ ತೊಟ್ಟಿಂದು ಹೆಣ್ಣು ಹೂವು. ಗಂಡು ಹೂವಿನ ಧೂಳು ಹೆಣ್ಣು ಹೂವಿಗೆ ಬೀಳದೆ ಇದ್ರೆ ತೊಳೆ ಕಟ್ಟಲ್ಲ, ಮಾವ."

ಮಾವ ಚೊಂಬು ಕೆಳಗಿಟ್ಟ. ಮಾತಿನಲ್ಲಿ ಸೋಲುವುದು ಖಚಿತವಾದಾಗ ಹೇಡಿಗಳಿಗೆ ಮರ್ಯಾದೆಯ ನೆನಪಾಗುತ್ತದೆ.

"ಕೇಳಿದ್ರಾ ಭಾವ? ಬೆಳೆದ ಹುಡುಗಿ. ಅಪ್ಪನ ಎದುರಿಗೆ ನಿಂತ್ಕೊಂಡು ಗಂಡು ಅಂತೆ, ಹೆಣ್ಣು ಅಂತೆ. ಸ್ಕೂಲಲ್ಲಿ ಇದನ್ನಾ ಕಲ್ಸೋದು?"

ಅಪ್ಪನ ಮುಖ ಬದಲಾಯಿತು. "ಯಾರು ಹೇಳ್ಕೊಟ್ರು ನಿಂಗೆ?"

"ಮೇಷ್ಟ್ರು. ಪುಸ್ತಕದಲ್ಲೂ ಐತೆ, ಅಪ್ಪ." ಅವಳು ಒಳಗೆ ಓಡಿ ಪುಸ್ತಕ ತಂದು ಆ ಪುಟ ತೆರೆದು ಹಿಡಿದಳು. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಪುಸ್ತಕವನ್ನು ತೆಗೆದುಕೊಂಡು ಮಾವನಿಗೇ ಕೊಟ್ಟ. ಮಾವನಿಗೆ ಅಂಗಡಿಯ ಬೋರ್ಡು ಓದುವಷ್ಟು ಬರುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು ಆ ಪುಟವನ್ನು ತುಂಬ ಹೊತ್ತು ನೋಡಿದ.

"ಇಲ್ಲಿ ದಾಸವಾಳದ ಚಿತ್ರ ಐತೆ. ಹಲಸು ಎಲ್ಲೈತೆ?"

"ದಾಸವಾಳಕ್ಕೆ ಹೇಳಿದ್ದು ಬೇರೆ ಹೂವಿಗೂ ಬರತ್ತೆ ಮಾವ. ಅದನ್ನ ಇಟ್ಕೊಂಡು ನಾವೇ ನೋಡ್ಬೇಕು."

"ಹಂಗಾದ್ರೆ ಕುರಿಗೆ ಹೇಳಿದ್ದು ಆನೆಗೂ ಬರತ್ತೇನವ್ವ?"

ಇದಕ್ಕೂ ಅಪ್ಪ ತಲೆಯಾಡಿಸಿದ. ಮೂರ್ಖತನ ಗಟ್ಟಿ ದನಿಯಲ್ಲಿ ಬಂದರೆ ಎಷ್ಟು ಸುಲಭವಾಗಿ ನ್ಯಾಯದಂತೆ ಕೇಳಿಸುತ್ತದೆ ಎಂಬುದನ್ನು ನಾನು ಅಂದು ಮೊದಲ ಸಲ ಕಂಡೆ.

ಆಮೇಲೆ ಅಪ್ಪ ನನ್ನ ಕಡೆ ತಿರುಗಿದ. "ಏನ್ಲಾ, ನೀನೂ ಅದೇ ಸ್ಕೂಲಿಗೆ ಹೋಗೋನು. ಇವಳು ಹೇಳ್ತಿರೋದು ನಿಂಗೊತ್ತಾ?"

ನನಗೆ ಗೊತ್ತಿತ್ತು. ಹಿಂದಿನ ಸಂಜೆಯಷ್ಟೇ ಆ ಹಳದಿ ಧೂಳು ನನ್ನ ಅಂಗೈ ಮೇಲೆ ಬಿದ್ದಿತ್ತು. ಆದರೆ ಮಾವನ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಮಾಗಡಿ ರಸ್ತೆಯವರೆಗೆ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತೇನೆ ಎಂದು ಅವನು ಬಂದಾಗಲೇ ಹೇಳಿದ್ದ.

"ನಂಗೊತ್ತಿಲ್ಲ" ಎಂದೆ.

ಮರ ಹತ್ತಿದವನೂ ನಾನೇ. ಬಿದಿರಿನ ಗಳ ಹಿಡಿದು ಕೊಂಬೆ ಕೊಂಬೆಯ ಸಣ್ಣ ತೊಟ್ಟಿನ ಹೂಗಳನ್ನು ಬಡಿದು ಕೆಡವಿದೆ. ಹಳದಿ ಧೂಳು ನನ್ನ ಕೂದಲಿಗೆ, ರೆಪ್ಪೆಗೆ ಮೆತ್ತಿಕೊಂಡಿತು. ಕೆಳಗೆ ಮಾವ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, "ಆ ಕಡೆ ಇನ್ನೊಂದು ಬಿಟ್ಟಿದೀಯ ನೋಡ್ಲಾ" ಎಂದು ಅಪ್ಪಣೆ ಕೊಡುತ್ತಿದ್ದ. ಅಕ್ಕ ಕೊಡ ಹೊತ್ತು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಸೈಕಲ್ಲಿನ ಸವಾರಿ ನನಗೆ ಸಿಕ್ಕಿತು. ರಸ್ತೆಯಲ್ಲಿ ಗುಂಡಿಗಳು ಬಹಳ ಇದ್ದವು.

ಸೋಮವಾರ ಬೆಳಿಗ್ಗೆ ಅಕ್ಕ ಚೀಲ ಹಿಡಿದು ಹೊಸಿಲಿಗೆ ಬಂದಾಗ ಅಪ್ಪ ನನಗೆ ಹೇಳಿದ, "ನೀನು ಹೋಗು. ಅವಳು ಬರಲ್ಲ."

ಅವ್ವ ಒಲೆಯ ಮುಂದಿನಿಂದಲೇ, "ಪರೀಕ್ಷೆವರೆಗಾದ್ರೂ ಹೋಗ್ಲಿ, ಎರಡೇ ತಿಂಗಳು" ಎಂದಳು.

"ಪರೀಕ್ಷೆಲೂ ಇದನ್ನೇ ತಾನೆ ಬರೆಯೋದು" ಎಂದ ಅಪ್ಪ.

ಅಷ್ಟಕ್ಕೇ ಒಬ್ಬಳ ಓದು ಮುಗಿಯಿತು. ಅಕ್ಕ ಅಳಲಿಲ್ಲ. ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಕೊಟ್ಟಿಗೆ ಗುಡಿಸಲು ಹೋದಳು.

ಮಳೆಗಾಲ ಶುರುವಾಗುವ ಹೊತ್ತಿಗೆ ಹಲಸು ಹಣ್ಣಾದವು. ಬೇರೆ ವರ್ಷಗಳಲ್ಲಿ ಬುಡದಿಂದ ತಲೆಯವರೆಗೆ ಹಣ್ಣು ಜೋತಾಡುತ್ತಿದ್ದ ಮರದಲ್ಲಿ ಆ ಸಲ ನಾಲ್ಕೇ ಹಣ್ಣು, ನಾಲ್ಕೂ ಸೊಟ್ಟ. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಯಾರೋ ಗುದ್ದಿದ ಹಾಗೆ ತಗ್ಗಿದ್ದವು. ಅಪ್ಪ ಕೈಗೆ ಎಣ್ಣೆ ಸವರಿಕೊಂಡು ಒಂದನ್ನು ಸೀಳಿದ. ಮನೆಯೆಲ್ಲ ಪರಿಮಳವೇನೋ ತುಂಬಿತು. ಒಳಗೆ ನೋಡಿದರೆ ಉಬ್ಬಿದ ಕಡೆ ಕೆಲವು ತೊಳೆಗಳು, ಉಳಿದದ್ದೆಲ್ಲ ಬರಿಯ ನಾರು.

ಮಾವ ಅಂದೂ ಬಂದಿದ್ದ. ಹಣ್ಣು ತಿನ್ನುವ ದಿನಗಳನ್ನು ಅವನು ತಪ್ಪಿಸುತ್ತಿರಲಿಲ್ಲ. "ರಸ್ತೆಗೆ ಮಣ್ಣು ಅಗೆದ್ರಲ್ಲ ಭಾವ, ಬೇರು ಅಲ್ಲಾಡಿರಬೇಕು" ಎಂದು ಹೇಳಿ ಇದ್ದ ತೊಳೆಗಳಲ್ಲಿ ದಪ್ಪನೆಯವನ್ನು ಆರಿಸಿಕೊಂಡ.

ಅಕ್ಕ ನಾರಿನ ಒಂದು ಎಳೆಯನ್ನು ಬಿಡಿಸಿ ನನ್ನ ಕೈಗಿಟ್ಟಳು. "ಇವೆಲ್ಲ ಹೂವೇ ಕಣೋ. ಧೂಳು ಸಿಕ್ಕಿಲ್ಲ, ಅಷ್ಟೇ." ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಹೇಳುವ ಹಾಗೆಯೇ ಹೇಳಿದಳು.

ಅಪ್ಪನಿಗೆ ಅದು ಕೇಳಿಸಿತು. ಅವನು ಹಣ್ಣನ್ನು ನೋಡಿದ, ಅಕ್ಕನನ್ನು ನೋಡಿದ. ಶಾಲೆ ಮತ್ತೆ ತೆರೆದು ವಾರವೂ ಆಗಿರಲಿಲ್ಲ, ಅದೇ ತರಗತಿಗೆ ಇನ್ನೊಂದು ವರ್ಷ ಹೋಗಿ ಪರೀಕ್ಷೆ ಬರೆಯಬಹುದಿತ್ತು. ಒಂದು ಮಾತು ಸಾಕಿತ್ತು. ಅಪ್ಪ ಕೈಗೆ ಹತ್ತಿದ ಅಂಟನ್ನು ಬೈಹುಲ್ಲಿನಿಂದ ಒರೆಸಿಕೊಂಡು ಹೊಲದ ಕಡೆ ಹೋದ. ತಪ್ಪು ಗೊತ್ತಾಗದವನನ್ನು ಕ್ಷಮಿಸಬಹುದು. ಗೊತ್ತಾದ ಮೇಲೂ ಮೀಸೆ ಉಳಿಸಿಕೊಳ್ಳಲು ಮಗಳನ್ನು ಬಿಟ್ಟುಕೊಟ್ಟವನನ್ನು ಕ್ಷಮಿಸುವುದು ಹೇಗೆಂದು ನನಗೆ ಇಷ್ಟು ವಯಸ್ಸಾದರೂ ತಿಳಿದಿಲ್ಲ. ಮುಂದಿನ ವರ್ಷ ಅಕ್ಕನನ್ನು ಮದುವೆ ಮಾಡಿ ಕಳುಹಿಸಿದರು. ಅದರ ಮುಂದಿನ ವರ್ಷ ಮರವನ್ನು ಕಡಿದು, ಬಾವಿ ಮುಚ್ಚಿ, ಸೈಟು ಅಳೆದರು.

ಮೊಮ್ಮಕ್ಕಳೇ, ನಿಮಗೆ ಹಲಸೆಂದರೆ ಮುಖ್ಯರಸ್ತೆಯ ತಳ್ಳುಗಾಡಿಯಲ್ಲಿ ಬಿಡಿಸಿಟ್ಟ ತೊಳೆ. ನಾರು ಹೇಗಿರುತ್ತದೆಂದು ನೀವು ನೋಡಿಯೇ ಇಲ್ಲ, ಗಾಡಿಯವನು ಅದನ್ನು ಮೊದಲೇ ತೆಗೆದು ದನಗಳಿಗೆ ಹಾಕಿರುತ್ತಾನೆ. ನಿಮ್ಮಲ್ಲಿ ದೊಡ್ಡವಳು ಮೊನ್ನೆ ಊಟದ ಮೇಜಿನ ಮೇಲೆ ಹೂವಿನ ಚಿತ್ರ ಬರೆದು, ಅಂಡಾಶಯಕ್ಕೆ ಬಾಣದ ಗುರುತು ಹಾಕಿ, "ತಾತ, ಸರಿಯಾಗಿದ್ಯಾ?" ಎಂದು ಕೇಳಿದಳು. ಅವಳ ಅಪ್ಪ ಪಕ್ಕದಲ್ಲಿ ಕುಳಿತು ಅನ್ನ ಕಲಸುತ್ತಿದ್ದ. ಯಾರ ಮರ್ಯಾದೆಯೂ ಹೋಗಲಿಲ್ಲ. ನಾನು ಚಿತ್ರ ನೋಡಿ ಸರಿಯಾಗಿದೆ ಎಂದೆ. ಅವಳು ಚಿತ್ರ ಮಡಚಿಕೊಂಡು ಓಡಿದಳು. ಆ ಒಂದು ಮಾತು ಅಷ್ಟು ಸಲೀಸಾಗಿ ನನ್ನ ಬಾಯಿಂದ ಬಂತಲ್ಲ ಎಂದು ನಾನು ಅನ್ನ ಮುಂದಿಟ್ಟುಕೊಂಡು ಹಾಗೆಯೇ ಕುಳಿತಿದ್ದೆ.

ಅಕ್ಕ ಹೋಗಿ ಮೂರು ತಿಂಗಳಾಯಿತು. ಅವಳು ಎಂಬತ್ತು ದಾಟಿ ಬದುಕಿದಳು. ಹಬ್ಬಕ್ಕೆ, ಮದುವೆಗೆ, ಆಸ್ಪತ್ರೆಗೆ ಎಂದು ನಾವು ನೂರಾರು ಸಲ ಅಕ್ಕಪಕ್ಕ ಕುಳಿತಿದ್ದೆವು. ಆ ಭಾನುವಾರದ ಸುದ್ದಿಯನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀನು ಹೇಳಿದ್ದೇ ಸರಿ ಎಂದು ಅಪ್ಪ ಅವಳಿಗೆ ಹೇಳಲಿಲ್ಲ. ಮಾವ ಹೇಳಲಿಲ್ಲ. ನಾನೂ ಹೇಳಲಿಲ್ಲ.